ರಾತ್ರಿ 1.30ಕ್ಕೆ ಕ್ಲ್ಯಾನ್‌ನಿಂದ ತೆಗೆದರು, ಭಾವನೂ ಬಾಯಿ ಬಿಡುತ್ತಿಲ್ಲ

ಪ್ರಶ್ನೆ: ನನಗೆ 23 ವರ್ಷ. ಬದಿಯಡ್ಕದ ಹತ್ತಿರ ಮನೆ, ಕಾಸರಗೋಡಿನ ಮೊಬೈಲ್ ಅಂಗಡಿಯಲ್ಲಿ ಕೆಲಸ. ಕ್ಲ್ಯಾಶ್ ಆಫ್ ಕ್ಲ್ಯಾನ್ಸ್ ಅನ್ನುವ ಮೊಬೈಲ್ ಗೇಮ್‌ನಲ್ಲಿ ಮೂರು ವರ್ಷದಿಂದ ಒಂದೇ ಕ್ಲ್ಯಾನ್‌ನಲ್ಲಿ, ಅಂದರೆ ಒಂದೇ ತಂಡದಲ್ಲಿ, ಇದ್ದೆ. ಸೇರಿಸಿದ್ದು ನನ್ನ ಸೋದರತ್ತೆಯ ಮಗ, ಅವನು ಅಲ್ಲಿ ಕೋ-ಲೀಡರ್. ಲೀಡರ್ ಕಾಞಂಗಾಡ್ ಕಡೆಯವರು, ದುಬೈಯಲ್ಲಿದ್ದಾರೆ. ಕಳೆದ ತಿಂಗಳು ಬೇರೆ ಕ್ಲ್ಯಾನ್‌ಗಳ ಜೊತೆಗಿನ ವಾರ್ ಲೀಗ್ ಪಂದ್ಯಗಳು ಮುಗಿದ ರಾತ್ರಿ 1.30ಕ್ಕೆ ನನ್ನನ್ನು ತೆಗೆದುಹಾಕಿದರು. ವಾಟ್ಸಾಪ್ ಗ್ರೂಪಿನಿಂದಲೂ. ಕಾರಣ ಕೇಳಿದೆ, ಲೀಡರ್ ಮೆಸೇಜ್ ನೋಡಿ ಸುಮ್ಮನಾದರು. ಭಾವ 'ಬಿಡು ಮಾರಾಯ' ಅಂದ, ಅಷ್ಟೇ. ನಾನು ಒಂದು ದಿನವೂ ಅಟ್ಯಾಕ್ ತಪ್ಪಿಸಿದವನಲ್ಲ. ಯಾರು ಯಾವ ಬೇಸ್‌ಗೆ ಹೊಡೆಯಬೇಕು ಅನ್ನುವ ಪ್ಲಾನ್ ಮಲಯಾಳ ಅಕ್ಷರದಲ್ಲಿ ಬಂದರೂ ಹೇಗೋ ಅಂದಾಜು ಮಾಡಿ ಹೊಡೆಯುತ್ತಿದ್ದೆ. ಚಿಕ್ಕ ಅಕೌಂಟ್ ಮಾಡಿ ಬೇರೆ ಹೆಸರಿನಲ್ಲಿ ಒಳಗೆ ಹೋಗಿ ನೋಡಲಾ? ಅತ್ತೆ ಮನೆಯ ಗೃಹಪ್ರವೇಶಕ್ಕೆ ಹೋಗಲಿಕ್ಕೂ ಮನಸ್ಸಿಲ್ಲ. ಅಮ್ಮ 'ಒಂದು ಆಟಕ್ಕೆ ಇಷ್ಟು ಬೇಜಾರಾ' ಅಂತ ನಗುತ್ತಾಳೆ.
- ಹೆಸರು ಬೇಡ, ಬದಿಯಡ್ಕ

ಉತ್ತರ: ನೀವು ನನ್ನ ಮಗನಿಗಿಂತಲೂ ಚಿಕ್ಕವರು, ಆದರೂ ನೀವು ಅಂತಲೇ ಬರೆಯುತ್ತೇನೆ. ಮೂರು ವರ್ಷದ ಒಡನಾಟವನ್ನು ಒಂದು ಬಟನ್ ಒತ್ತಿ ಮುಗಿಸಿದವರ ಮೇಲೆ ನನಗೂ ಸಿಟ್ಟು ಬಂದಿದೆ. ಅಮ್ಮ ನಗಲಿ ಬಿಡಿ. ಆಟವನ್ನು ಯಾರೂ ನಿಮ್ಮಿಂದ ಕಿತ್ತುಕೊಂಡಿಲ್ಲ, ನಿಮ್ಮ ಟೌನ್ ಹಾಲ್, ಹೀರೋಗಳು, ಗೋಡೆಗೆ ಸುರಿದ ಚಿನ್ನ ಎಲ್ಲ ಹಾಗೆಯೇ ಇದೆ. ಹೋದದ್ದು ರಾತ್ರಿ ಊಟ ಆದ ಮೇಲೆ ಮಾತಾಡಲು ಇದ್ದ ಜನ. ಅದಕ್ಕೆ ಬೇಜಾರಾಗುವುದು ಸಹಜ. ಹೊರಗೆ ಹಾಕುವಾಗ ಒಂದು ಸಾಲು ಬರೆಯಲು ಆ ಗೇಮ್‌ನಲ್ಲಿ ಜಾಗ ಇದೆ, ಗೊತ್ತಲ್ಲ? ನಾನೂ ಆಡುತ್ತೇನೆ (ಟೌನ್ ಹಾಲ್ ಲೆವೆಲ್ 11ರಲ್ಲೇ ಕೂತಿದ್ದೇನೆ, ನಗಬೇಡಿ). ಆ ಜಾಗವನ್ನು ಹೆಚ್ಚಿನವರು ಮುಟ್ಟುವುದೇ ಇಲ್ಲ. ನಮ್ಮಲ್ಲಿ 1.30 ಅಂದರೆ ದುಬೈಯಲ್ಲಿ ನಡುರಾತ್ರಿ 12. ಡ್ಯೂಟಿ ಮುಗಿಸಿ ಬಂದು, ಲೀಗ್ ಸೋತ ಕೋಪದಲ್ಲಿ ಪಟ್ಟಿ ನೋಡುತ್ತಾ ಒತ್ತಿರಬಹುದು. ಮರುದಿನ ವಿವರಿಸಲು ನಾಚಿಕೆ ಆಗಿರಬಹುದು. ಇದು ನನ್ನ ಊಹೆ.

ಆದರೆ ನಿಮ್ಮ ಪತ್ರದಲ್ಲಿ ಒಂದು ಸಾಲು ಇದೆ, ನಾನು ಅದನ್ನೇ ಮೂರು ಸಲ ಓದಿದೆ. 'ಹೇಗೋ ಅಂದಾಜು ಮಾಡಿ ಹೊಡೆಯುತ್ತಿದ್ದೆ.' ತಮ್ಮಾ, ಅಲ್ಲೇ ಏನೋ ಆಗಿದೆ ಅಂತ ನನಗೆ ಅನಿಸುತ್ತದೆ. ಮಾಮೂಲಿ ವಾರ್ ಆದರೆ ಒಬ್ಬೊಬ್ಬರಿಗೆ ಎರಡು ಅಟ್ಯಾಕ್, ಒಂದು ಕೆಟ್ಟರೆ ಇನ್ನೊಂದರಲ್ಲಿ ಸರಿ ಮಾಡಬಹುದು. ಲೀಗ್‌ನಲ್ಲಿ ಏಳು ದಿನ, ದಿನಕ್ಕೆ ಒಂದೇ. ನಿಮಗೆ ಎದುರಾಳಿಗಳ ಪಟ್ಟಿಯ 9ನೆಯ ಬೇಸ್ ಕೊಟ್ಟಿದ್ದು, ನೀವು ಅಂದಾಜಿನಲ್ಲಿ 6ಕ್ಕೆ ಹೊಡೆದು ಪೂರ್ತಿ ಮೂರು ಸ್ಟಾರ್ ತಂದಿರಿ ಅಂತ ಇಟ್ಟುಕೊಳ್ಳಿ. ನಿಮಗೆ ಖುಷಿ. ಆದರೆ 6ಕ್ಕೆ ಅಂತಲೇ ಸೈನ್ಯ ತಯಾರು ಮಾಡಿ ಕೂತಿದ್ದವನಿಗೆ ಈಗ ಗುರಿ ಇಲ್ಲ, 9 ಹಾಗೇ ಉಳಿಯಿತು. ಎರಡು ಮೂರು ದಿನ ಹೀಗೇ ಆದರೆ ಲೀಡರ್ ಕಣ್ಣಿಗೆ ನೀವು ಹೇಳಿದ ಮಾತು ಕೇಳದ ಹುಡುಗ. ನಿಮಗೆ ಓದಲು ಬರುವುದಿಲ್ಲ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ನೀವು ಮಲಯಾಳ ಮಾತಾಡುತ್ತೀರಿ, ಜೋಕ್ ಹೇಳುತ್ತೀರಿ, ವಾಯ್ಸ್ ಮೆಸೇಜಿಗೆ ತಕ್ಷಣ ಉತ್ತರ ಕೊಡುತ್ತೀರಿ. ಕಾಞಂಗಾಡಿನಲ್ಲಿ ಬೆಳೆದವರಿಗೆ, ಇಷ್ಟು ಚೆನ್ನಾಗಿ ಮಾತಾಡುವವನಿಗೆ ಅಕ್ಷರ ಬಾರದು ಅನ್ನುವುದು ತಲೆಗೇ ಹೋಗುವುದಿಲ್ಲ.

ನಮ್ಮ ಕಡೆ ಕನ್ನಡ ಮೀಡಿಯಂನಲ್ಲಿ ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಸ್ಸಿನ ಬೋರ್ಡ್ ಓದಲಾಗದೆ 'ಇದು ಮುಳ್ಳೇರಿಯಕ್ಕಾ' ಅಂತ ಪಕ್ಕದವರನ್ನು ಕೇಳುವುದು, ಅದೂ ಒಳ್ಳೆ ಮಲಯಾಳದಲ್ಲೇ ಕೇಳುವುದು! ನಾನು ಒಮ್ಮೆ ಒಂದು ಕಚೇರಿಯಲ್ಲಿ ಓದಲಾಗದ ಫಾರಂಗೆ ಸಹಿ ಹಾಕಿ, ಮನೆಗೆ ಬಂದು ಪಕ್ಕದ ಮನೆಯ ಹುಡುಗಿಯ ಹತ್ತಿರ ಓದಿಸಿದ್ದೇನೆ. 'ನನಗೆ ಓದಲು ಬರುವುದಿಲ್ಲ' ಅನ್ನಲು ನಾಲಿಗೆ ಏಳಲಿಲ್ಲ. ನಿಮಗೂ ಹಾಗೇ ಆಗಿದೆ ಅಲ್ವಾ? ಪ್ಲಾನ್ ಮಂಗ್ಲಿಷ್‌ನಲ್ಲಿ ಹಾಕಿ, ಇಂಗ್ಲಿಷ್ ಅಕ್ಷರ ಆದರೆ ಓದುತ್ತೇನೆ ಅಂತ ಒಂದು ಸಲ ಕೇಳಿದ್ದರೆ ಸಾಕಿತ್ತು. ಲೀಡರ್ ಮಾತಾಡದೆ ಮಾಡಿದ್ದು ತಪ್ಪು, ಅದನ್ನು ನಾನು ಕಡಿಮೆ ಮಾಡುತ್ತಿಲ್ಲ. ನೀವು ಮಾತಾಡದೆ ಇದ್ದದ್ದಕ್ಕೂ ಇದರಲ್ಲಿ ಪಾಲಿದೆ, ಅಷ್ಟೇ.

ನನ್ನ ಊಹೆ ಸರಿಯಾ ಅಂತ ನೋಡುವುದು ಸುಲಭ. ಗ್ರೂಪಿನಿಂದ ತೆಗೆದರೂ ಹಳೆಯ ಮೆಸೇಜ್ ನಿಮ್ಮ ಫೋನಿನಲ್ಲೇ ಇರುತ್ತದೆ, ಡಿಲೀಟ್ ಮಾಡಿಲ್ಲ ತಾನೆ? ಲೀಗ್ ವಾರದ ಪ್ಲಾನ್‌ಗಳನ್ನು ಅಂಗಡಿಯಲ್ಲಿ ಯಾರಿಗಾದರೂ ಕೊಟ್ಟು ಓದಿಸಿ. ನಿಮ್ಮ ಹೆಸರಿನ ಎದುರು ಏನಿತ್ತು, ನೀವು ಏನು ಹೊಡೆದಿರಿ, ಹೋಲಿಸಿ ನೋಡಿ. ತಪ್ಪು ಸಿಕ್ಕಿದರೆ ಲೀಡರ್‌ಗೆ ಒಂದು ವಾಯ್ಸ್ ಮೆಸೇಜ್ ಹಾಕಿ, ಅರ್ಧ ನಿಮಿಷದ್ದು ಸಾಕು: ನನಗೆ ಮಲಯಾಳ ಓದಲು ಬರುವುದಿಲ್ಲ, ಪ್ಲಾನ್ ತಪ್ಪಿದ್ದು ಈಗ ಗೊತ್ತಾಯಿತು, ಬೇಕೆಂದು ಮಾಡಿದ್ದಲ್ಲ. ಅಷ್ಟು ಹೇಳಿ ನಿಲ್ಲಿಸಿ. ವಾಪಸ್ ಸೇರಿಸಿ ಅಂತ ಬೇಡಿಕೊಳ್ಳಬೇಡಿ. ಉತ್ತರ ಬರದಿದ್ದರೆ ಎರಡನೆಯ ಮೆಸೇಜ್ ಬೇಡ. ತಪ್ಪೇನೂ ಸಿಗದಿದ್ದರೆ ಅವರನ್ನು ಬಿಟ್ಟುಬಿಡಿ, ನೀವು ಒಮ್ಮೆ ಕೇಳಿ ಆಗಿದೆ.

ಚಿಕ್ಕ ಅಕೌಂಟ್ ವಿಷಯ: ಬೇಡ. ಸಿಕ್ಕಿಬಿದ್ದರೆ ಅವರು ಮಾಡಿದ್ದೇ ಸರಿ ಅಂತಾಗುತ್ತದೆ. ಸಿಕ್ಕಿಬೀಳದಿದ್ದರೂ, ಒಳಗೆ ಹೋಗಿ ಓದಬೇಕಾದ್ದು ಮಲಯಾಳವೇ ಅಲ್ವಾ ಮಾರಾಯರೆ?

ಇನ್ನು ಭಾವ. ನಿಮಗೆ ನಿದ್ದೆ ಬಾರದಿರುವುದು ದುಬೈಯವರಿಂದ ಅಲ್ಲ ಅಂತ ನನಗೆ ಗೊತ್ತು. ಯಾರನ್ನು ಯಾರು ತೆಗೆದರು ಅನ್ನುವುದು ಕ್ಲ್ಯಾನ್ ಚಾಟ್‌ನಲ್ಲಿ ಎಲ್ಲರಿಗೂ ಕಾಣುತ್ತದೆ. ಭಾವ ನೋಡಿಯೇ ಇರುತ್ತಾನೆ. ಕೋ-ಲೀಡರ್‌ಗೆ ಇನ್ವೈಟ್ ಕಳಿಸುವ ಅಧಿಕಾರವೂ ಇದೆ. ಕಳಿಸಲಿಲ್ಲ. ಲೀಡರ್‌ಗೆ ಹೆದರಿದನಾ, ಅವನಿಗೂ ನಿಮ್ಮ ಮೇಲೆ ಬೇಸರ ಇತ್ತಾ, ಅಥವಾ ಮೊದಲೇ ಕೇಳಿ 'ಹೂಂ' ಅಂದಿದ್ದನಾ? ಮೂರರಲ್ಲಿ ಯಾವುದೂ ಇರಬಹುದು. ಮೂರನೆಯದೇ ಬಂದರೂ ತಡೆದುಕೊಳ್ಳುತ್ತೇನೆ ಅಂತ ಮನಸ್ಸು ಗಟ್ಟಿ ಮಾಡಿಕೊಂಡೇ ಕೇಳಿ. ಮೆಸೇಜಿನಲ್ಲಿ ಅಲ್ಲ, ಗೃಹಪ್ರವೇಶದ ಗಲಾಟೆಯಲ್ಲಿ ಅಂತೂ ಅಲ್ಲವೇ ಅಲ್ಲ. ಅದಕ್ಕೆ ಮೊದಲೇ ಒಂದು ಭಾನುವಾರ ಬೈಕ್ ತೆಗೆದುಕೊಂಡು ಹೋಗಿ. 'ನನ್ನನ್ನು ವಾಪಸ್ ಸೇರಿಸು ಅಂತ ಬಂದದ್ದಲ್ಲ ಭಾವ, ನೀನು ಯಾಕೆ ಹೇಳಲಿಲ್ಲ ಅಂತ ಕೇಳಲು ಬಂದೆ' ಅನ್ನಿ. ಆಮೇಲೆ ನೀವು ಬಾಯಿ ಮುಚ್ಚಿ ಕೂತುಕೊಳ್ಳಿ, ಅವನು ಎಷ್ಟು ಹೊತ್ತು ತೆಗೆದುಕೊಂಡರೂ.

ಅವನು ಏನೇ ಹೇಳಲಿ, ಗೃಹಪ್ರವೇಶಕ್ಕೆ ಹೋಗಿ. ಮನೆ ಅತ್ತೆಯದ್ದು, ಕ್ಲ್ಯಾನ್‌ನದ್ದಲ್ಲ. ಹಿಂದಿನ ದಿನವೇ ಹೋಗಿ ತರಕಾರಿ ಹೆಚ್ಚಲು ಕೂತರೆ ಅತ್ತೆಗೂ ಖುಷಿ.

ಬೇರೆ ಕ್ಲ್ಯಾನ್ ಸೇರುವುದಾದರೆ ಅವಸರ ಇಲ್ಲ. ಹೊಸ ಲೀಗ್ ಹೇಗೂ ತಿಂಗಳ ಆರಂಭದಲ್ಲೇ ಶುರು. ಜಾಯಿನ್ ರಿಕ್ವೆಸ್ಟ್ ಜೊತೆ ಒಂದು ಸಾಲು ಬರೆಯಲು ಬರುತ್ತದಲ್ಲ, ಅಲ್ಲಿ ಟೌನ್ ಹಾಲ್ ನಂಬರ್ ಬರೆಯುವ ಮೊದಲು ಕೇಳಿ: ಪ್ಲಾನ್ ಯಾವ ಅಕ್ಷರದಲ್ಲಿ ಹಾಕುತ್ತೀರಿ?