ನನ್ನ ಮೇಲೇ ಅನುಮಾನ ಬಂದಾಗ ಅದನ್ನು ಬೇರೆಯವರ ಹತ್ತಿರ ಹೇಳಿಕೊಂಡರೆ ಮನಸ್ಸು ಹಗುರಾಗುವುದು ಏಕೆ?

ಇದು ನನ್ನೊಬ್ಬನ ಕೊರತೆಯಲ್ಲ ಎಂಬುದು ಹೇಳಿಕೊಂಡಾಗಲೇ ಗೊತ್ತಾಗುವುದು, ಅದಕ್ಕೇ. ನಮ್ಮ ಅಳುಕು ನಮಗೆ ಒಳಗಿನಿಂದ ಕಾಣುತ್ತದೆ. ಪಕ್ಕದವರದು ಹೊರಗಿನ ನಿರಾಳ ಮುಖ ಮಾತ್ರ. ತರಗತಿಯಲ್ಲಿ "ಅರ್ಥವಾಯಿತೇ?" ಎಂದಾಗ ಉಳಿದವರಿಗೆಲ್ಲ ತಿಳಿದಿದೆ ಎಂದುಕೊಂಡು ಪ್ರತಿಯೊಬ್ಬರೂ ಸುಮ್ಮನಿರುತ್ತಾರಲ್ಲ, ಹಾಗೆ. ಒಬ್ಬರು ಬಾಯಿ ಬಿಟ್ಟರೆ ಸಾಕು, ಈ ತಪ್ಪು ಲೆಕ್ಕ ಬಯಲಾಗುತ್ತದೆ. ಸಾಧನೆ ಮಾಡಿಯೂ "ನಾನು ಇದಕ್ಕೆ ಯೋಗ್ಯಳಲ್ಲ, ಎಂದೋ ಸಿಕ್ಕಿಬೀಳುತ್ತೇನೆ" ಎಂದು ಹೆದರುವ ಮಹಿಳೆಯರ ಬಗ್ಗೆ 1978ರಲ್ಲಿ ಬರೆದ ಅಮೆರಿಕದ ಮನೋವಿಜ್ಞಾನಿಗಳಾದ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಕೂಡ ಗುಂಪಿನಲ್ಲಿ ಮಾತಾಡಿಸುವ ಚಿಕಿತ್ಸೆಯನ್ನು ಸೂಚಿಸಿದ್ದರು.

ಆದರೆ ಹೇಳುವ ರೀತಿ ಬಹಳ ಮುಖ್ಯ. "ನಾನು ದಂಡ" ಎಂದರೆ ಎದುರಿನವರು "ಛೆ, ಹಾಗೇನಿಲ್ಲ" ಎನ್ನುವುದು ಬಿಟ್ಟು ಬೇರೇನೂ ಮಾಡಲಾರರು; ಆ ಸಮಾಧಾನ ಸಂಜೆಯೊಳಗೆ ಕರಗಿ, ಮತ್ತೆ ಕೇಳಬೇಕೆನಿಸುತ್ತದೆ. ಒಂದು ಘಟನೆ ಹಿಡಿದು ಹೇಳಿ: "ನಿನ್ನೆ ಮೀಟಿಂಗಿನಲ್ಲಿ ಆ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ, ಆಗಿನಿಂದ ಈ ಕೆಲಸ ನನ್ನಿಂದಾಗದು ಅನ್ನಿಸ್ತಿದೆ. ನಿಮಗೂ ಹೀಗಾಗಿತ್ತಾ? ಆಗ ಏನು ಮಾಡಿದಿರಿ?" ಅದೇ ಕೆಲಸದಲ್ಲಿ ನಾಲ್ಕೈದು ವರ್ಷ ಮುಂದಿರುವವರನ್ನು ಆರಿಸಿಕೊಳ್ಳಿ; ನಿಮ್ಮ ಬಡ್ತಿ ನಿರ್ಧರಿಸುವವರ ಬಳಿ ಮೊದಲೇ ಬೇಡ. ಸಲಹೆ ಬೇಕೋ, ಸುಮ್ಮನೆ ಕೇಳಿಸಿಕೊಂಡರೆ ಸಾಕೋ ಎಂಬುದನ್ನೂ ತಿಳಿಸಿಬಿಡಿ, ಇಲ್ಲದಿದ್ದರೆ ಉಪದೇಶ ಶುರುವಾಗುತ್ತದೆ.

ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ ಗೆಳೆಯರ ಮಾತು ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.