ಹಿಂದೆ ಮಂಗಳೂರು–ಮುಂಬೈ ನಡುವೆ ಜನರನ್ನು ಸಾಗಿಸುತ್ತಿದ್ದ ಉಗಿಹಡಗು, ಅಂದರೆ ಮುಂಬೈ ಸ್ಟೀಮರ್, ಮಂಗಳೂರಿನ ಹಳೆ ಬಂದರಿನ ದಕ್ಕೆಗೇ (ಹಡಗು ನಿಲ್ಲುವ ಕಟ್ಟೆಗೇ) ಏಕೆ ಬರುತ್ತಿರಲಿಲ್ಲ?

ಕಾರಣ ಅಳಿವೆ ಬಾಗಿಲು. ನೇತ್ರಾವತಿ, ಗುರುಪುರ ನದಿಗಳು ಸಮುದ್ರ ಸೇರುವ ಆ ಜಾಗದಲ್ಲಿ ಮರಳಿನ ದಿಬ್ಬ ಕಟ್ಟಿಕೊಳ್ಳುತ್ತದೆ. ಆಳ ಕಡಿಮೆ. ದೊಡ್ಡ ಉಗಿಹಡಗು ಬಂದರೆ ತಳ ತಾಗುತ್ತದೆ ಅಲ್ವಾ? ಹಾಗಾಗಿ ಅದು ಹೊರಗೆ, ಸಮುದ್ರದಲ್ಲೇ ಲಂಗರು ಹಾಕುತ್ತಿತ್ತು. ಜನ, ಪೆಟ್ಟಿಗೆ, ಮೂಟೆ ಎಲ್ಲ ದೋಣಿಯಲ್ಲೇ ಹೋಗಬೇಕಿತ್ತು. ಓಲಾಡುವ ದೋಣಿಯಿಂದ ಮಕ್ಕಳನ್ನು ಎತ್ತಿಕೊಂಡು ಹಡಗು ಹತ್ತುವುದೆಂದರೆ ಸುಮ್ನೆ ಮಾತಲ್ಲ! ಮಳೆಗಾಲದಲ್ಲಂತೂ ಸಂಚಾರವೇ ನಿಲ್ಲುತ್ತಿತ್ತು.

ಆದರೂ ಜನ ಸ್ಟೀಮರನ್ನೇ ನೆಚ್ಚಿಕೊಂಡಿದ್ದರು. 1907ರಲ್ಲಿ ಮಂಗಳೂರಿಗೆ ರೈಲು ಬಂತು ನಿಜ, ಆದರೆ ಅದು ಮದ್ರಾಸಿನ ಕಡೆಯ ದಾರಿ. ಮುಂಬೈಗೆ ಸುತ್ತು ಜಾಸ್ತಿ. ಕರಾವಳಿಯುದ್ದಕ್ಕೂ ಕೊಂಕಣ ರೈಲು ಓಡಿದ್ದು 1998ರಲ್ಲಿ. ಹೋಟೆಲ್ ಕೆಲಸ ಹುಡುಕಿ ಹೊರಟ ನಮ್ಮ ಜಿಲ್ಲೆಯವರಿಗೆ ಈ ಹಡಗುಗಳು ಎಷ್ಟು ದೊಡ್ಡ ಆಸರೆಯಾಗಿದ್ದವು ನೋಡಿ. ದೊಡ್ಡ ಹಡಗು ದಕ್ಕೆಗೇ ಬಂದು ನಿಲ್ಲುವ ಪಣಂಬೂರಿನ ಹೊಸ ಬಂದರು ಆದದ್ದು 1970ರ ದಶಕದಲ್ಲಿ.