ಖಾತೆ ಬಿಡಿ, ಕೀರ್ದಿ ನೋಡಿ

ಪತ್ರ: ಸರ್, ಎಂ.ಎ. ವಿದ್ಯಾರ್ಥಿಗಳಿಗೆ ‘ಡಿಜಿಟಲ್ ಇತಿಹಾಸ’ ಪೇಪರ್ ಕಲಿಸುವ ಅತಿಥಿ ಉಪನ್ಯಾಸಕಿ ನಾನು. ಪ್ರಾಜೆಕ್ಟಿಗೆ 20 ಅಂಕ. ನಾಲ್ವರ ಗುಂಪೊಂದು ಬೀದರ ಕೋಟೆ, ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ಕುರಿತು ವೆಬ್‌ಸೈಟ್ ಮಾಡಿದೆ. ಡ್ರೋನ್ ವಿಡಿಯೊ, ಸಂಗೀತ ಎಲ್ಲ ಇದೆ. 18 ಕೊಟ್ಟೆ. ಒಬ್ಬ ಹುಡುಗ ತನ್ನೂರಿನ ಅಜ್ಜಿಯಿಂದ 1948ರ ನೆನಪು ಹೇಳಿಸಿ ಯೂಟ್ಯೂಬಿಗೆ ಹಾಕಿದ್ದಾನೆ. 15 ಕೊಟ್ಟೆ. ಇನ್ನೊಬ್ಬ ಹುಡುಗಿ ಅಜ್ಜನ ಟ್ರಂಕಿನಲ್ಲಿದ್ದ ನಿಜಾಮರ ಕಾಲದ 31 ಉರ್ದು ರಸೀದಿಗಳ ಫೋಟೊ ತೆಗೆದು ಎಕ್ಸೆಲ್ ಪಟ್ಟಿ ಮಾಡಿದ್ದಾಳೆ. ಅರ್ಧ ಕೋಣೆ ಖಾಲಿ, ಇಸವಿಗಳೆಲ್ಲ ಹೊಡೆದು ತಿದ್ದಿದ್ದು. 11 ಕೊಟ್ಟೆ. ಮಾರ್ಕ್ಸ್ ಲಿಸ್ಟ್ ಇನ್ನೂ ಕಳಿಸಿಲ್ಲ, ಮನಸ್ಸು ಯಾಕೋ ಒಪ್ಪುತ್ತಿಲ್ಲ. ಮೂರೂ ಕಳಿಸುತ್ತಿದ್ದೇನೆ, ನೋಡಿ ಹೇಳಿ. ಹೆಸರು ಹಾಕಬೇಡಿ. (ಬೀದರ)

ಸಂಪಾದಕರ ಉತ್ತರ:

ಮೇಡಂ,

ವೆಬ್‌ಸೈಟನ್ನು ಮೊದಲು ನೋಡಿದೆ, ಹತ್ತು ನಿಮಿಷ ಹಿಡಿಯಿತು. ಆಮೇಲೆ ಆ ಪಟ್ಟಿ ತೆರೆದೆ. ಮನೆಯಿಂದ ತಂದ ರೊಟ್ಟಿ ಡಬ್ಬಿಯಲ್ಲೇ ಉಳಿಯಿತು.

ಹುಡುಗಿಯ ಏಳನೆಯ ಸಾಲು ಓದಿದಿರಾ? ಕಂದಾಯ ಕಟ್ಟಿದ ರಸೀದಿ. ಇಸವಿಯ ಕೋಣೆಯಲ್ಲಿ ಮೊದಲು 1340 ಎಂದು ಬರೆದಿದ್ದಾಳೆ. ಪಕ್ಕದ ಷರಾದಲ್ಲಿ, ‘ಹಿಂಗಾದರೆ ಬಹಮನಿಗಿಂತ ಹಿಂದಿನದು ಆಗ್ತದೆ. ಆದರೆ ಮುತ್ಯಾನ ಹೆಸರಿದೆ. ಏನೋ ತಪ್ಪಿದೆ.’ ನಾಲ್ಕು ದಿನ ಬಿಟ್ಟು ಅದರ ಕೆಳಗೇ, ‘ತಹಸೀಲಿನಲ್ಲಿದ್ದು ರಿಟೈರ್ ಆದವರನ್ನು ಕೇಳಿದೆ. ಇದು ಫಸಲಿ ಇಸವಿ. 590 ಕೂಡಿಸಬೇಕು. 1930–31.’ ಅಲ್ಲಿಂದ ಮೇಲೆ ಹೋಗಿ ಹಿಂದಿನ ಆರೂ ಸಾಲು ತಿದ್ದಿದ್ದಾಳೆ. ಹಳೆಯ ಅಂಕಿ ಅಳಿಸದೆ ಇನ್ನೊಂದು ಕೋಣೆಯಲ್ಲಿ ಹಾಗೇ ಇಟ್ಟಿದ್ದಾಳೆ.

ಬಹಮನಿ ರಾಜ್ಯ ಶುರುವಾದದ್ದು 1347ರಲ್ಲಿ. ಫಸಲಿ ಎಂದರೆ ಸುಗ್ಗಿಯ ಲೆಕ್ಕದ ವರ್ಷ, ಅಕ್ಬರನ ಕಾಲದಿಂದ ಕಂದಾಯಕ್ಕೆ ಬಂದದ್ದು. ಹೈದರಾಬಾದ್ ಸಂಸ್ಥಾನದ ಕಚೇರಿಗಳಲ್ಲಿ ಅದೇ ನಡೆಯುತ್ತಿತ್ತು. ಅದು ಜನವರಿಗೆ ಶುರುವಾಗುವ ವರ್ಷವಲ್ಲ, ಅದಕ್ಕೇ ಆಕೆ ಎರಡು ಇಸವಿ ಬರೆದದ್ದು. ಹೆಸರು ನೋಡಿ, ಅಂಕಿ ನೋಡಿ, ಎರಡೂ ಕೂಡುವುದಿಲ್ಲ ಎಂದು ಆಕೆಗೇ ಹೊಳೆಯಿತು. ಇತಿಹಾಸದ ಪೇಪರಿನಲ್ಲಿ ಇದಕ್ಕಿಂತ ಹೆಚ್ಚಿನದೇನನ್ನು ಕಲಿಸಬೇಕು ಎಂದು ನೀವು ಹೊರಟಿದ್ದಿರಿ? ನೀವು ಅಂಕ ಕಳೆದದ್ದು ಹೊಡೆದು ತಿದ್ದಿದ್ದಕ್ಕೆ. ನನ್ನ ಪ್ರಕಾರ ಅಂಕ ಇರುವುದೇ ಅಲ್ಲಿ.

ನಮ್ಮಪ್ಪ ಕಲಬುರಗಿಯ ಗಂಜ್ ಮಾರುಕಟ್ಟೆಯಲ್ಲಿ ತೊಗರಿಯ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ದಿನದ ವ್ಯವಹಾರವೆಲ್ಲ ಆಯಾ ದಿನವೇ ಕೀರ್ದಿಗೆ, ಅಂದರೆ ದಿನದ ಲೆಕ್ಕದ ಪುಸ್ತಕಕ್ಕೆ ಹೋಗಬೇಕು. ಅದನ್ನೇ ಹೆಸರುವಾರು ವಿಂಗಡಿಸಿ ಬರೆಯುವ ಖಾತೆ ಆಮೇಲೆ. ಕೀರ್ದಿಯಲ್ಲಿ ತಪ್ಪಾದರೆ ರಬ್ಬರ್ ಹಚ್ಚುವ ಹಾಗಿಲ್ಲ. ಒಂದು ಗೆರೆ ಎಳೆದು, ಕೆಳಗಿನ ಅಂಕಿ ಕಾಣುವ ಹಾಗೆ, ಮೇಲೆ ಸರಿಯಾದದ್ದು ಬರೆದು ಸಣ್ಣ ಸಹಿ. ರೈತನಿಗೂ ಅಂಗಡಿಗೂ ತಕರಾರು ಬಂದಾಗ ಸಾವ್ಕಾರ್ರು ಖಾತೆ ಮುಟ್ಟುತ್ತಿರಲಿಲ್ಲವಂತೆ. ‘ಖಾತಿ ಯಾರ್ ಬೇಕಾದವ್ರು ಚಂದ ಬರೀತಾರ, ಕೀರ್ದಿ ತಗದು ತೋರ್ಸು’ ಎನ್ನುತ್ತಿದ್ದರಂತೆ. ವೆಬ್‌ಸೈಟು ಖಾತೆ. ನೀವು ಕೇಳಬೇಕಾದದ್ದು ಕೀರ್ದಿ.

ಈಗ ಆ 18 ಅಂಕದ ವೆಬ್‌ಸೈಟಿಗೆ ಬರೋಣ. ಮದರಸಾ ಕಟ್ಟಿದ್ದು 1472 ಎಂದಿದೆ, ಸರಿ. 1696ರಲ್ಲಿ ಸಿಡಿಲು ಬಡಿದು ಹಾಳಾಯಿತು ಎಂದಿದೆ. ಸಿಡಿಲು ಎನ್ನುವವರಿದ್ದಾರೆ, ಒಳಗಿಟ್ಟಿದ್ದ ಮದ್ದು ಸಿಡಿದು ಎನ್ನುವವರೂ ಇದ್ದಾರೆ. ಇವರು ಸಿಡಿಲನ್ನೇ ಯಾಕೆ ಆರಿಸಿದರು? ಎಲ್ಲಿ ಓದಿದರು? ಪುರಾತತ್ವಜ್ಞ ಗುಲಾಮ್ ಯಜ್ದಾನಿಯವರ ಬೀದರ ಪುಸ್ತಕ 1947ರಲ್ಲೇ ಬಂದಿದೆ, ಅದನ್ನು ತೆರೆದರೇ? ಪುಟದಲ್ಲಿ ಎಲ್ಲೂ ಸುಳಿವಿಲ್ಲ. ನಾಲ್ವರನ್ನೂ ಬೇರೆಬೇರೆಯಾಗಿ ಕರೆದು ಇದೊಂದೇ ಪ್ರಶ್ನೆ ಕೇಳಿ, ಐದು ನಿಮಿಷ ಸಾಕು. ಮಾಡಿದವರು ಯಾರು, ಹೆಸರು ಸೇರಿಸಿಕೊಂಡವರು ಯಾರು ಎಂಬುದೂ ಅಷ್ಟರಲ್ಲೇ ತಿಳಿದುಹೋಗುತ್ತದೆ. ಚಾಟ್‌ಜಿಪಿಟಿ ಬರೆದದ್ದೋ ಇವರೇ ಬರೆದದ್ದೋ ಎಂದು ಪತ್ತೆ ಹಚ್ಚುವ ಯಂತ್ರಗಳ ಹಿಂದೆ ಹೋಗಬೇಡಿ, ‘ಇದು ಎಲ್ಲಿಂದ ಬಂತು’ ಎನ್ನುವ ಪ್ರಶ್ನೆ ಅದಕ್ಕಿಂತ ಗಟ್ಟಿ.

ಇನ್ನೊಂದು ಸಣ್ಣ ಸಂಗತಿ. ಆ ಸೈಟಿನಲ್ಲಿ ‘ಗವಾನ್’ ಎಂದು ಹುಡುಕಿದೆ, ಒಂದೂ ಸಿಗಲಿಲ್ಲ. ಬರಹವನ್ನು ಎಲ್ಲೋ ಟೈಪ್ ಮಾಡಿಸಿ ಚಿತ್ರವಾಗಿ ಅಂಟಿಸಿದ್ದಾರೆ. ಹುಡುಕಲಾಗದ, ಕಣ್ಣಿಲ್ಲದವರ ಫೋನು ಓದಿ ಹೇಳಲಾಗದ ಕನ್ನಡ ಅದು. ಯುನಿಕೋಡಿನಲ್ಲಿ, ಅಂದರೆ ಯಂತ್ರವೂ ಓದಬಲ್ಲ ಅಕ್ಷರದಲ್ಲಿ ಬರೆಯಲು ಬರುತ್ತದೋ ಇಲ್ಲವೋ ಎಂಬುದು ಡಿಜಿಟಲ್ ಪೇಪರಿನಲ್ಲಿ ಅಂಕಕ್ಕೆ ಯೋಗ್ಯವಾದ ವಿಷಯ. ಡ್ರೋನ್ ಅಲ್ಲ.

ಬೇರೆಯವರಿಗೆ ಹೇಳುವಾಗ ನಮ್ಮ ಮನೆಯ ದೋಸೆಯ ತೂತನ್ನೂ ತೋರಿಸಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ಇದೇ ಪತ್ರಿಕೆಯಲ್ಲಿ ಬೀದರ ಹತ್ತಿರದ ಅಷ್ಟೂರಿನ ಗುಂಬಜ್‌ಗಳ ಫೋಟೊ ಹಾಕಿ ಕೆಳಗೆ ‘ಕಲಬುರಗಿಯ ಹಫ್ತ್ ಗುಂಬಜ್’ ಎಂದು ಅಚ್ಚು ಮಾಡಿದ್ದೆವು. ವಾಟ್ಸಾಪಿನಲ್ಲಿ ಬಂದ ಫೋಟೊ. ಯಾರು ತೆಗೆದದ್ದು, ಯಾವಾಗ, ಯಾವ ಕಡೆ ನಿಂತು ಎಂದು ನಾನೇ ಕೇಳಿರಲಿಲ್ಲ. ಬೀದರಿನಿಂದ ಬಂದ ಪೋಸ್ಟ್‌ಕಾರ್ಡುಗಳನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಖಾಲಿ ಕೋಣೆಗಳ ಮಾತಿಗೆ ಬಂದರೆ, ಕಲಬುರಗಿ ಜಿಲ್ಲೆಯ ಸನ್ನತಿಗೆ ಮಕ್ಕಳನ್ನು ಒಮ್ಮೆ ಕರೆದೊಯ್ಯಿರಿ. ಅಲ್ಲಿ ಗುಡಿಯ ಚಾವಣಿ ಬಿದ್ದ ಮೇಲೆ, ವಿಗ್ರಹದ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನ ಎಂದು ಗೊತ್ತಾಯಿತಲ್ಲ. ವಿಗ್ರಹ ಕೂರಿಸಲು ಆ ಕಲ್ಲಿನ ನಡುವೆ ತೂತು ಕೊರೆದಿದ್ದಾರೆ, ಅಷ್ಟು ಅಕ್ಷರ ಹೋಗಿವೆ. ಶಾಸನ ಓದುವವರು ಇಂಥ ಕಡೆ ತೋಚಿದ್ದನ್ನು ತುಂಬಿಬಿಡುವುದಿಲ್ಲ, ಇಲ್ಲಿ ಇಷ್ಟು ಹೋಗಿದೆ ಎಂದು ಗುರುತು ಹಾಕುತ್ತಾರೆ. ನಿಮ್ಮ ಹುಡುಗಿ ಹದಿನಾಲ್ಕನೆಯ ಸಾಲಿನಲ್ಲಿ ‘ಗೆದ್ದಲು ತಿಂದಿದೆ’, ಹತ್ತೊಂಬತ್ತರಲ್ಲಿ ‘ಸಿಕ್ಕಾ (ಮುದ್ರೆ) ಮೇಲೆ ಬಿದ್ದು ಅಕ್ಷರ ಕಾಣ್ತಿಲ್ಲ’ ಎಂದು ಬರೆದಿದ್ದಾಳೆ. ಇವು ಖಾಲಿ ಕೋಣೆಗಳಲ್ಲ ಮೇಡಂ. ಕಾರಣ ಬರೆಯದೆ ಬಿಟ್ಟ ನಾಲ್ಕೈದು ಇವೆ, ಅವಕ್ಕೆ ಬೇಕಾದರೆ ಒಂದಂಕ ಕಳೆಯಿರಿ.

ಯೂಟ್ಯೂಬಿನ ಅಜ್ಜಿಯ ವಿಷಯ ಬೇರೆ. ಆಕೆಯ ಮಾತು ಬಂಗಾರದಂಥದು, ಹುಡುಗ ಕೇಳಿದ ರೀತಿಯೂ ಚಲೋ ಇದೆ, ನಡುವೆ ಬಾಯಿ ಹಾಕದೆ ಕೂತಿದ್ದಾನೆ. ಆದರೆ ಏಳನೆಯ ನಿಮಿಷಕ್ಕೆ ಆಕೆ ಊರಿನ ಎರಡು ಮನೆತನಗಳ ಹೆಸರು ಹೇಳುತ್ತಾಳೆ. 1948ರಲ್ಲಿ ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಯ ನಂತರದ ಹಿಂಸೆಯ ದಿನಗಳಲ್ಲಿ ಹೆಚ್ಚು ನಲುಗಿದ ಜಿಲ್ಲೆಗಳೆಂದು, ಅದನ್ನು ವಿಚಾರಿಸಲು ಕೇಂದ್ರ ಸರ್ಕಾರ ಕಳಿಸಿದ್ದ ಸುಂದರಲಾಲ್ ಸಮಿತಿ ಹೆಸರಿಸಿದ್ದರಲ್ಲಿ ಬೀದರ, ಗುಲಬರ್ಗಾ ಎರಡೂ ಇವೆ. ಆ ಮನೆತನಗಳ ಮೊಮ್ಮಕ್ಕಳು ಇವತ್ತೂ ಅದೇ ಊರಲ್ಲಿ ಅಕ್ಕಪಕ್ಕ ಇದ್ದಾರು. ‘ಇದನ್ನು ಎಲ್ಲರೂ ನೋಡ್ತಾರೆ’ ಎಂದು ಅಜ್ಜಿಗೆ ಹೇಳಿದ್ದನೇ? ಅಂಕದ ಮಾತು ಆಮೇಲೆ, ಈ ಪತ್ರಿಕೆ ನಿಮ್ಮ ಕೈ ಸೇರಿದ ದಿನವೇ ಆ ವಿಡಿಯೊ ಪ್ರೈವೇಟ್ ಮಾಡಿಸಿ. ಅವನು ಮತ್ತೆ ಊರಿಗೆ ಹೋಗಿ, ಅಜ್ಜಿಗೂ ಮನೆಯವರಿಗೂ ಕೇಳಿಸಿ, ಅವರು ಬೇಡವೆಂದದ್ದನ್ನು ತೆಗೆದು ಬಂದರೆ 15 ಅಲ್ಲ, 17 ಕೊಡಿ.

ವಿಭಾಗದಲ್ಲಿ ವೆಬ್‌ಸೈಟಿನ ಪ್ರಿಂಟ್ ತೆಗೆದು ಸ್ಪೈರಲ್ ಬೈಂಡ್ ಮಾಡಿಸಿ ಎರಡು ಪ್ರತಿ ಕೊಡಿ ಎಂದಿದ್ದಾರೆ ಅಂತಲೂ ಬರೆದಿದ್ದೀರಿ. ನಗಬೇಕೋ ಅಳಬೇಕೋ! ವಿಡಿಯೊವನ್ನು ಹೇಗೆ ಬೈಂಡ್ ಮಾಡುತ್ತಾರೆ? ಅಮೆರಿಕದ ಇತಿಹಾಸಕಾರರ ಸಂಘ 2015ರ ಮಾರ್ಗಸೂಚಿಯಲ್ಲೇ, ಡಿಜಿಟಲ್ ಕೆಲಸವನ್ನು ಅದರದೇ ಮಾಧ್ಯಮದಲ್ಲಿ ನೋಡಬೇಕು, ಕಾಗದಕ್ಕಿಳಿಸಿ ಅಲ್ಲ ಎಂದು ಹೇಳಿದೆ. ಅದನ್ನು ಬೇಕಾದರೆ ಮುಖ್ಯಸ್ಥರಿಗೆ ತೋರಿಸಿ. ಒಪ್ಪದಿದ್ದರೆ ಬೈಂಡಿಂಗ್ ಕೊಟ್ಟುಬಿಡಿ, ಅತಿಥಿ ಉಪನ್ಯಾಸಕರು ಎಲ್ಲ ಜಗಳವನ್ನೂ ಆಡುವುದಕ್ಕಾಗುವುದಿಲ್ಲ ಎಂದು ನನಗೂ ಗೊತ್ತು.

ಮುಂದಿನ ಸೆಮಿಸ್ಟರಿಗೆ ಮೊದಲ ವಾರವೇ ಹೇಳಿಬಿಡಿ: 20ರಲ್ಲಿ ಎಂಟು ಅಂಕ ಕೀರ್ದಿಗೆ. ದಿನಾಂಕ, ಯಾರು ಏನು ಮಾಡಿದರು, ಯಾರನ್ನು ಕೇಳಿದರು, ಎಲ್ಲಿ ಎಡವಿದರು. ನೂರು ರೂಪಾಯಿಯ ನೋಟ್‌ಬುಕ್ ಸಾಕು. ಉಳಿದ ಹನ್ನೆರಡನ್ನು ನಿಮಗೆ ತಿಳಿದಂತೆ ಹಂಚಿ, ಚಂದಕ್ಕೂ ಎರಡಿರಲಿ. ಮೊದಲೇ ಹೇಳದೆ ಈಗ ವೆಬ್‌ಸೈಟಿನವರಿಂದ ಏಳೆಂಟು ಅಂಕ ಕಿತ್ತುಕೊಂಡರೆ ಅದೂ ನ್ಯಾಯವಲ್ಲ. ಅವರನ್ನು ಕರೆದು ಕೇಳಿ, ಸಿಡಿಲಿನ ಮೂಲ ಹುಡುಕಿ ತರಲು ಒಂದು ವಾರ ಕೊಡಿ. ತಂದವರಿಗೆ 14 ಆಗಬಹುದು. ಹುಡುಗಿಗೆ ನಾನಾದರೆ 17 ಕೊಡುತ್ತಿದ್ದೆ.

ಆಕೆಯ ಪಟ್ಟಿಯಿಂದ ಒಂದು ಪುಟ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುವ ಆಸೆಯಿದೆ. ಅಜ್ಜನ ಮನೆಯವರು ಒಪ್ಪಬೇಕು, ಹೊಲದ ಸರ್ವೆ ನಂಬರುಗಳನ್ನು ನಾವು ತೆಗೆಯುತ್ತೇವೆ. ಆದರೆ ಏಳನೆಯ ಸಾಲಿನ ಆ 1340ನ್ನು ಮಾತ್ರ ಅಳಿಸದೆ, ಗೆರೆ ಎಳೆದದ್ದು ಎಳೆದ ಹಾಗೇ ಕಳಿಸಲು ಹೇಳಿ.